300 ಹಾಸಿಗೆಯ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ತಂಡ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?

ಅರಿವಳಿಕೆ_ಅಕ್ಕ · ಸೋಮವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ನಾನು ಅರಿವಳಿಕೆ ಡಾಕ್ಟರ್. ಮಧ್ಯ ಕರ್ನಾಟಕದ ಒಂದು ಊರಿನ 300 ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿದ್ದೇನೆ. ಹನ್ನೊಂದು ವರ್ಷದಿಂದ ಆಪರೇಷನ್ ಥಿಯೇಟರ್ ಬಿಟ್ಟು ವಾರ್ಡ್ ಕಡೆ ಬಂದದ್ದೇ ಕಡಿಮೆ. ಹೋದ ತಿಂಗಳು ಮ್ಯಾನೇಜ್‌ಮೆಂಟ್‌ನವರು ಕರೆದು, "ಮೇಡಂ, ನೀವು ಆ ಸರ್ಟಿಫಿಕೇಟ್ ಕೋರ್ಸ್ ಮಾಡಿದ್ರಲ್ಲ, ಪ್ಯಾಲಿಯೇಟಿವ್ ಕೇರ್ ಶುರು ಮಾಡಿ" ಅಂದರು. ಗಂಭೀರ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆ ಅದು. ಖುಷಿಯಾಯಿತು. ಏನೇನು ಕೊಡುತ್ತೀರಿ ಅಂತ ಕೇಳಿದೆ. ವಾರಕ್ಕೆ ಮೂರು ಮಧ್ಯಾಹ್ನ ನಾನು, ಪೂರ್ತಿ ದಿನಕ್ಕೆ ಒಬ್ಬ ಸಿಸ್ಟರ್, ಮೆಟ್ಟಿಲ ಕೆಳಗಿನ ಒಂದು ರೂಮು. ಆ ರೂಮಿನ ತುಂಬ ಈಗ ಹಳೇ ಎಕ್ಸ್‌ರೇ ಕವರ್‌ಗಳಿವೆ. ಹಾಸಿಗೆ ಒಂದೂ ಇಲ್ಲ.

ಒಪ್ಪಿಕೊಂಡದ್ದಕ್ಕೆ ಕಾರಣ ಒಬ್ಬರು ರೋಗಿ. ಬಾಯಿ ಕ್ಯಾನ್ಸರ್, ಐವತ್ತರ ಆಸುಪಾಸು. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಿ ಅಂತ ಕೇಳಿದೆ. ಅವರಿಗೆ ಮಾತಾಡಲು ಆಗುತ್ತಿರಲಿಲ್ಲ. ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದರು. ಆಮೇಲೆ ಮುಚ್ಚಿ, ಮತ್ತೆ ಎರಡು ಬೆರಳು ತೋರಿಸಿದರು. ಕೇಸ್ ಶೀಟ್ ತೆಗೆದು ನೋಡಿದರೆ ಪ್ಯಾರಾಸಿಟಮಾಲ್, ಅದೂ "ಬೇಕಾದರೆ ಮಾತ್ರ".

ಈಗ ನನ್ನ ತಲೆನೋವು ಇಷ್ಟು. ಮಾರ್ಫಿನ್ (ಅಫೀಮಿನಿಂದ ಬರುವ, ತೀವ್ರ ನೋವಿನ ಮದ್ದು) ಲೈಸೆನ್ಸ್ ಹೇಗೆ? ಬೇರೆ ವಿಭಾಗದ ಡಾಕ್ಟರ್‌ಗಳು ರೋಗಿಯನ್ನು ನಮಗೆ ತೋರಿಸುವ ಹಾಗೆ ಮಾಡುವುದು ಹೇಗೆ? ಬಿಲ್ ಏನು ಮಾಡಲಿ? ಮತ್ತೆ ಇದಕ್ಕೆ ಕನ್ನಡದಲ್ಲಿ ಏನಂತ ಹೆಸರಿಡಲಿ? ಬೋರ್ಡ್ ಬರೆಯುವವನು ಆಗಲೇ ಎರಡು ಸಲ ಫೋನ್ ಮಾಡಿದ್ದಾನೆ.

ಸುಮ್ನೆ_ಓದುಗ · ಸೋಮವಾರ ರಾತ್ರಿ 10:58

ಹಾಸಿಗೆ ಇಲ್ಲದ ವಿಭಾಗವಾ? ಒಲೆ ಇಲ್ಲದ ಹೋಟೆಲ್ ಥರ ಆಯ್ತಲ್ಲ ಮೇಡಂ.

ಮ್ಯಾಂಚೆಸ್ಟರ್_ಮಳೆ · ಸೋಮವಾರ ರಾತ್ರಿ 11:30

ಓದುಗರೇ, ಹಾಸಿಗೆ ಬೇಕಾಗಿಯೇ ಇಲ್ಲ. ಅಕ್ಕ ಕಟ್ಟುತ್ತಿರುವುದು ಸಲಹಾ ತಂಡ. ರೋಗಿ ಇದ್ದಲ್ಲಿಗೆ ತಂಡ ಹೋಗುತ್ತದೆ. ನಾನು ಇಲ್ಲಿ ಇಂಗ್ಲೆಂಡಿನಲ್ಲಿ ಇಂಥದ್ದೇ ತಂಡದಲ್ಲಿ ನರ್ಸ್, ಒಂಬತ್ತು ವರ್ಷವಾಯಿತು. ಸಿಸಿಲಿ ಸಾಂಡರ್ಸ್ ಅವರು ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್ (ಕೊನೇ ಹಂತದ ರೋಗಿಗಳ ಆರೈಕೆ ಕೇಂದ್ರ) ತೆರೆದದ್ದು 1967ರಲ್ಲಿ. ಅದು ಬೇರೆಯೇ ಕಟ್ಟಡ. ಅಲ್ಲಿ ಕಲಿತದ್ದನ್ನು ದೊಡ್ಡಾಸ್ಪತ್ರೆಯ ವಾರ್ಡುಗಳಿಗೆ ತೆಗೆದುಕೊಂಡು ಹೋಗಬೇಕು ಅಂತ 1977ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಂದು ಸಣ್ಣ ತಂಡ ಶುರುವಾಯಿತು. ಅವರಿಗೂ ಸ್ವಂತ ಹಾಸಿಗೆ ಇರಲಿಲ್ಲ. ಮೆಟ್ಟಿಲ ಕೆಳಗಿನ ರೂಮು ಇತ್ತೋ ಇಲ್ಲವೋ ಗೊತ್ತಿಲ್ಲ :)

ಅಕ್ಕ, ನನ್ನ ಅನುಭವದಲ್ಲಿ ತಂಡ ನಿಲ್ಲುವುದೋ ಬೀಳುವುದೋ ಒಂದು ಫೋನ್ ಮೇಲೆ. ರೋಗಿಯನ್ನು ನೋಡಿ ಅಂತ ರೆಫರೆನ್ಸ್ ಚೀಟಿ ಬಂದ ಕೂಡಲೇ, ರೋಗಿಯ ಹತ್ತಿರ ಹೋಗುವ ಮೊದಲು, ಬರೆದ ಡಾಕ್ಟರ್‌ಗೆ ಫೋನ್ ಮಾಡಿ. "ನಿಮಗೆ ನಮ್ಮಿಂದ ಏನು ಬೇಕು?" ಅಂತ ಕೇಳಿ. ನೋವು ಕಡಿಮೆ ಮಾಡಬೇಕಾ, ಮನೆಯವರ ಜೊತೆ ಕೂತು ಮಾತಾಡಬೇಕಾ, ಮನೆಗೆ ಕಳಿಸುವ ವ್ಯವಸ್ಥೆ ಬೇಕಾ? ಚೀಟಿಯಲ್ಲಿ ಒಂದು ಬರೆದಿರುತ್ತಾರೆ, ಮನಸ್ಸಿನಲ್ಲಿ ಇನ್ನೊಂದು ಇರುತ್ತದೆ. ನೋಡಿ ಬಂದ ಮೇಲೆ ಮತ್ತೆ ಫೋನ್. ಕೇಸ್ ಶೀಟ್‌ನಲ್ಲಿ ಬರೆದು ಸುಮ್ಮನೆ ಹೊರಟರೆ ಆ ಪುಟವನ್ನು ಯಾರೂ ಓದುವುದಿಲ್ಲ.

ಕರಾವಳಿ_ಸರ್ಜನ್ · ಮಂಗಳವಾರ ಬೆಳಿಗ್ಗೆ 6:15

ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ, ನಾನು ಆ ಕಡೆಯವನು. ರೆಫರ್ ಮಾಡದೇ ಇರೋ ಪೈಕಿ. ನಮ್ಮ ಕಷ್ಟವೂ ಕೇಳಿ. ರೋಗಿ ನನ್ನನ್ನು ನಂಬಿಕೊಂಡು ಬಂದಿರುತ್ತಾರೆ. ಪ್ಯಾಲಿಯೇಟಿವ್‌ಗೆ ಬರೆದೆ ಅಂದರೆ "ಡಾಕ್ಟ್ರು ಕೈಬಿಟ್ರು" ಅಂತ ಮನೆಯವರು ಮರುದಿನವೇ ಮಣಿಪಾಲದ ಬಸ್ಸೋ ಬೆಂಗಳೂರಿನ ಬಸ್ಸೋ ಹತ್ತುತ್ತಾರೆ. ಇನ್ನೊಂದು ವಿಷಯ. ಹಿಂದೆ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಇಂಥ ತಂಡ ಇತ್ತು. ನನ್ನನ್ನು ಕೇಳದೆ ನನ್ನ ರೋಗಿಯ ಆಂಟಿಬಯೋಟಿಕ್ ನಿಲ್ಲಿಸಿದರು. ಅವತ್ತಿಂದ ಚೀಟಿ ಬರೆಯುವುದನ್ನೇ ಬಿಟ್ಟೆ.

ಅರಿವಳಿಕೆ_ಅಕ್ಕ · ಮಂಗಳವಾರ ಬೆಳಿಗ್ಗೆ 7:02

ಸರ್, ಬೇಜಾರೇನಿಲ್ಲ. ನನಗೆ ಬೇಕಾಗಿದ್ದೇ ಈ ಮಾತು. ಹಾಗಾದರೆ ನಾವು ಸಲಹೆ ಮಾತ್ರ ಬರೆದು, ಆರ್ಡರ್ ನೀವೇ ಬರೆಯುವುದಾದರೆ ಒಪ್ಪುತ್ತೀರಾ?

ಕರಾವಳಿ_ಸರ್ಜನ್ · ಮಂಗಳವಾರ ಬೆಳಿಗ್ಗೆ 7:09

ಅದು ಓಕೆ. ರೋಗಿ ನನ್ನ ಹೆಸರಲ್ಲೇ ಇರಬೇಕು. ಅಷ್ಟೇ.

ಮ್ಯಾಂಚೆಸ್ಟರ್_ಮಳೆ · ಮಂಗಳವಾರ ಮಧ್ಯಾಹ್ನ 12:20

ಇದರಲ್ಲೂ ಒಂದು ತೊಡಕಿದೆ ಸರ್. ಬರೀ ಸಲಹೆ ಬರೆದಿಟ್ಟು ಸಂಜೆ ಹೋಗಿ ನೋಡಿದರೆ ಮಾತ್ರೆ ಶುರುವೇ ಆಗಿರುವುದಿಲ್ಲ. ಯಾಕಂದರೆ ನೀವು ಥಿಯೇಟರ್‌ನಲ್ಲಿರುತ್ತೀರಿ. ಡ್ಯೂಟಿ ಡಾಕ್ಟರ್‌ಗೆ ಮಾರ್ಫಿನ್ ಬರೆಯಲು ಭಯ. ರೋಗಿ ಇನ್ನೊಂದು ರಾತ್ರಿ ನರಳುತ್ತಾರೆ. ನಾವು ಮಾಡಿಕೊಂಡ ಒಪ್ಪಂದ ಹೀಗಿದೆ: ನೋವು, ವಾಂತಿ, ಮಲಬದ್ಧತೆ, ಉಸಿರಾಟದ ಕಷ್ಟ, ನಿದ್ದೆ, ಇವುಗಳ ಮದ್ದು ನಾವೇ ಬರೆಯುತ್ತೇವೆ. ಉಳಿದ ಯಾವುದಕ್ಕೂ ಕೈ ಹಾಕುವುದಿಲ್ಲ. ಅಕ್ಕ, ನೀವೂ ಪ್ರತಿ ವಿಭಾಗದ ಜೊತೆ ಮೊದಲೇ ಕೂತು ಈ ಗೆರೆ ಎಳೆದುಕೊಳ್ಳಿ. ಜಗಳ ಆದ ಮೇಲೆ ಎಳೆಯಲು ಹೋದರೆ ಆಗುವುದಿಲ್ಲ.

ನೈಟ್_ಸಿಸ್ಟರ್ · ಮಂಗಳವಾರ ಮಧ್ಯಾಹ್ನ 2:45

ನಾನು ಮಲೆನಾಡಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಇದೇ ಕೆಲಸದಲ್ಲಿದ್ದೇನೆ. ಡಾಕ್ಟರ್‌ಗಳ ಜಗಳ ಡಾಕ್ಟರ್‌ಗಳಿಗಿರಲಿ. ಅಕ್ಕ, ನಿಮ್ಮ ತಂಡ ಅಂದರೆ ನಿಮ್ಮ ಸಿಸ್ಟರ್. ನೀವು ವಾರಕ್ಕೆ ಮೂರು ಮಧ್ಯಾಹ್ನ, ಅವಳು ಆರು ದಿನ. ಒಳ್ಳೆಯವಳನ್ನು ಆರಿಸಿಕೊಳ್ಳಿ. ಬೇರೆ ವಾರ್ಡಿನಲ್ಲಿ ಜನ ಕಡಿಮೆಯಾದಾಗ ಅವಳನ್ನು ಎಳೆದುಕೊಂಡು ಹೋಗಬಾರದು ಅಂತ ಈಗಲೇ ಬರಹದಲ್ಲಿ ತೆಗೆದುಕೊಳ್ಳಿ. ನನ್ನನ್ನು ಮೊದಲ ಆರು ತಿಂಗಳಲ್ಲಿ ಅರ್ಧ ದಿನ ಡಯಾಲಿಸಿಸ್‌ಗೆ ಹಾಕಿದ್ದರು.

ರೆಫರೆನ್ಸ್ ಹೇಗೆ ಬರುತ್ತೆ ಅಂತ ಕೇಳಿದಿರಿ. ನಮ್ಮಲ್ಲಿ ಬಂದದ್ದು ವಾಸನೆಯಿಂದ. ಸರ್ಜರಿ ವಾರ್ಡಿನ ಮೂಲೆಯಲ್ಲಿ ಒಬ್ಬ ಹೆಂಗಸು. ಎದೆಯ ಕ್ಯಾನ್ಸರ್ ಒಡೆದು ಹುಣ್ಣಾಗಿತ್ತು. ವಾಸನೆಗೆ ಪಕ್ಕದ ಬೆಡ್‌ನವರು ಜಾಗ ಬದಲಾಯಿಸಿಕೊಂಡಿದ್ದರು. ಗಂಡ ಪರದೆಯ ಆಚೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ನಾನು ಮೆಟ್ರೊನಿಡಜೋಲ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ಕುಟ್ಟಿ ನಯವಾಗಿ ಪುಡಿ ಮಾಡಿ, ಸಲೈನ್‌ನಲ್ಲಿ ಹುಣ್ಣು ತೊಳೆದು, ಮೇಲೆ ಉದುರಿಸಿ ಡ್ರೆಸ್ಸಿಂಗ್ ಮಾಡಿದೆ. ಹಳೇ ಗಾಜ್ ಕಿತ್ತು ಎಳೆಯಬಾರದು, ನೆನೆಸಿ ಬಿಡಿಸಬೇಕು. ಇಲ್ಲದಿದ್ದರೆ ರಕ್ತ ಬರುತ್ತೆ, ಜೀವ ಹೋಗುವಷ್ಟು ನೋವಾಗುತ್ತೆ. ದಿನಾ ಮಾಡಿದೆ. ನಾಲ್ಕನೇ ದಿನ ಹೋದರೆ ಸ್ಟೂಲ್ ಪರದೆಯ ಒಳಗಿತ್ತು. ಗಂಡ ಕಿತ್ತಳೆ ಸುಲಿದು ಒಂದೊಂದೇ ತೊಳೆ ಕೊಡುತ್ತಿದ್ದ.

ಆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಅದನ್ನು ನೋಡಿದರು. ಆಮೇಲೆ ಯಾವ ಡಾಕ್ಟರ್ ಚೀಟಿ ಬರೆಯದಿದ್ದರೂ ಅವರೇ ರೌಂಡ್ಸ್‌ನಲ್ಲಿ "ಸರ್, ಪ್ಯಾಲಿಯೇಟಿವ್‌ನವರನ್ನು ಕರೆಯೋಣವಾ" ಅಂತ ನೆನಪಿಸುತ್ತಿದ್ದರು.

ಕರಾವಳಿ_ಸರ್ಜನ್ · ಮಂಗಳವಾರ ಮಧ್ಯಾಹ್ನ 3:30

ಸಿಸ್ಟರ್, ಹೀಗೆ ಕೆಲಸ ಮಾಡುವವರು ನನ್ನ ವಾರ್ಡಿಗೆ ಬಂದಿದ್ದರೆ ನಾನೂ ಬರೆಯುತ್ತಿದ್ದೆ.

ಎರಡನೇ_ಕೀ · ಮಂಗಳವಾರ ಸಂಜೆ 5:10

ಆಸ್ಪತ್ರೆ ಫಾರ್ಮಸಿಸ್ಟ್ ಇಲ್ಲಿ. ಮಾರ್ಫಿನ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಯಾಕಂದರೆ ಡಾಕ್ಟರ್‌ಗಳು ಇನ್ನೂ ಹಳೇ ಕಥೆ ಹೇಳುತ್ತಿರುತ್ತಾರೆ. 1985ರ ಮಾದಕ ದ್ರವ್ಯ ಕಾಯ್ದೆ ಬಂದ ಮೇಲೆ ಒಂದು ಡಬ್ಬ ಮಾತ್ರೆ ತರಿಸಲೂ ಬೇರೆ ಬೇರೆ ಇಲಾಖೆಯ ಲೈಸೆನ್ಸ್ ಬೇಕಿತ್ತು. ಒಂದು ಬರುವ ಹೊತ್ತಿಗೆ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಎಷ್ಟೋ ಆಸ್ಪತ್ರೆಗಳು ಕೈ ಮುಗಿದು ಬಿಟ್ಟವು. 2014ರಲ್ಲಿ ತಿದ್ದುಪಡಿ ಆಯಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಮದ್ದುಗಳನ್ನು "ಅತ್ಯಗತ್ಯ" ಅಂತ ಬೇರೆ ಇಟ್ಟರು. ಈಗ ರಾಜ್ಯದ ಔಷಧ ನಿಯಂತ್ರಕರಿಂದ "ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ" ಅಂತ ಒಂದು ಮನ್ನಣೆ ಸಾಕು. ನೋವಿನ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಡಾಕ್ಟರ್ ಇರಬೇಕು. ಅದು ನೀವೇ ಇದ್ದೀರಿ.

ಆಮೇಲಿನದು ಲೆಕ್ಕದ ಕೆಲಸ. ವರ್ಷಕ್ಕೆ ಎಷ್ಟು ಬೇಕು ಅಂತ ಅಂದಾಜು ಕೊಡಬೇಕು. ಬಂದದ್ದು, ಹೋದದ್ದು, ಉಳಿದದ್ದು ದಿನಾ ಪುಸ್ತಕದಲ್ಲಿ ಬರೆಯಬೇಕು. ನಮ್ಮಲ್ಲಿ ಬೀರುವಿನೊಳಗೆ ಬೀರು, ಎರಡು ಬೀಗ, ಎರಡು ಕೀ. ಒಂದು ಡ್ಯೂಟಿ ಸಿಸ್ಟರ್ ಹತ್ತಿರ, ಇನ್ನೊಂದು ನನ್ನ ಹತ್ತಿರ. ಒಂದು ಸಲ ಸಿಸ್ಟರ್ ಕೈಯಿಂದ ಒಂದು ಮಾತ್ರೆ ಜಾರಿ ಸೀದಾ ಸಿಂಕ್‌ಗೆ ಬಿತ್ತು. ಹತ್ತು ಮಿಲಿಗ್ರಾಮಿನ ಒಂದು ಮಾತ್ರೆ. ಪಾಪ ಅತ್ತುಬಿಟ್ಟಳು. ಮೂರು ಜನ ಸಹಿ ಹಾಕಿ ಅರ್ಧ ಪುಟ ವಿವರಣೆ ಬರೆದೆವು, ಮುಗಿಯಿತು. ಯಾರೂ ಜೈಲಿಗೆ ಹೋಗಲಿಲ್ಲ. ಹೇಳುತ್ತಿರುವುದು ಯಾಕಂದರೆ, ಬೇರೆ ಆಸ್ಪತ್ರೆಯ ಫಾರ್ಮಸಿಯವರು "ಪೊಲೀಸ್ ಬರ್ತಾರೆ" ಅಂತ ಹೆದರಿ ಮದ್ದು ತರಿಸುವ ಇಂಡೆಂಟ್ ಹಾಕುವುದೇ ಇಲ್ಲ.

ಹೊಸ_ಪೀಜಿ · ಮಂಗಳವಾರ ಸಂಜೆ 5:44

ತಮಾಷೆ ಅಂದ್ರೆ ಅಫೀಮು ನಮ್ಮ ದೇಶದಲ್ಲೇ ಲೈಸೆನ್ಸ್ ಮೇಲೆ ಬೆಳೀತಾರೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ. ಹೊರದೇಶಕ್ಕೂ ಕಳಿಸ್ತಾರೆ. ನಮ್ಮ ತಾಲ್ಲೂಕಾಸ್ಪತ್ರೆಗೆ ಮಾತ್ರ ಬರಲ್ಲ.

ಹಾಸನದ_ಹುಡುಗ · ಮಂಗಳವಾರ ರಾತ್ರಿ 8:05

ಮಾರ್ಫಿನ್ ಬಗ್ಗೆ ಇಷ್ಟು ಸಲೀಸಾಗಿ ಮಾತಾಡ್ತಿದ್ದೀರಲ್ಲ. ನಮ್ಮ ಚಿಕ್ಕಪ್ಪನಿಗೆ ಕೊಟ್ಟ ಎರಡೇ ದಿನಕ್ಕೆ ಹೋಗಿಬಿಟ್ಟರು. ಉಸಿರು ನಿಲ್ಲಿಸುತ್ತೆ, ಚಟ ಹತ್ತುತ್ತೆ ಅಂತ ಎಲ್ಲರಿಗೂ ಗೊತ್ತು.

ಅರಿವಳಿಕೆ_ಅಕ್ಕ · ಮಂಗಳವಾರ ರಾತ್ರಿ 9:20

ಚಿಕ್ಕಪ್ಪನ ವಿಷಯ ಕೇಳಿ ಬೇಸರವಾಯಿತು ತಮ್ಮ. ನಾನು ದಿನಾ ಈ ಗುಂಪಿನ ಮದ್ದು ಕೊಡುವವಳು, ಹಾಗಾಗಿ ನೇರವಾಗಿ ಹೇಳುತ್ತೇನೆ. ಸಣ್ಣ ಪ್ರಮಾಣದಿಂದ ಶುರು ಮಾಡಿ, ನಾಲ್ಕು ಗಂಟೆಗೊಮ್ಮೆ ಕೊಟ್ಟು, ನೋಡಿಕೊಂಡು ಏರಿಸಿದರೆ ಉಸಿರು ನಿಲ್ಲುವ ಪ್ರಶ್ನೆ ತೀರಾ ಅಪರೂಪ. ವಯಸ್ಸಾದವರಿಗೆ, ಕಿಡ್ನಿ ಕೆಟ್ಟವರಿಗೆ ಇನ್ನೂ ಕಡಿಮೆ, ಇನ್ನೂ ದೂರ ದೂರ. ಮೊದಲ ಎರಡು ಮೂರು ದಿನ ಮಂಪರು ಇರುತ್ತದೆ. ವಾರಗಟ್ಟಲೆ ನಿದ್ದೆ ಇಲ್ಲದವರು ನೋವು ಇಳಿದ ಕೂಡಲೇ ಮಲಗಿಬಿಡುತ್ತಾರೆ. ಮನೆಯವರು ಗಾಬರಿಯಾಗುತ್ತಾರೆ. ನೋವಿಗೆ ಅಂತ ಸರಿಯಾಗಿ ಕೊಟ್ಟಾಗ ಚಟದ ಭಯವೂ ಕಡಿಮೆ.

ಜನರಿಗೆ ಹೀಗೆ ಅನ್ನಿಸಲು ಕಾರಣ ನಾವೇ. ಕೊನೇ ಎರಡು ದಿನ ಇದೆ ಅನ್ನುವಾಗ ಕೊಡುತ್ತೇವೆ. ರೋಗ ಒಯ್ದದ್ದು ಮದ್ದಿನ ತಲೆಗೆ ಬರುತ್ತದೆ. ಎಂಟು ತಿಂಗಳು ಮೊದಲೇ ಶುರು ಮಾಡಿದ್ದರೆ ಚಿಕ್ಕಪ್ಪ ಅದೇ ಮಾತ್ರೆ ನುಂಗಿ ಸಂತೆಗೂ ಹೋಗಿ ಬರುತ್ತಿದ್ದರೋ ಏನೋ.

ನೈಟ್_ಸಿಸ್ಟರ್ · ಮಂಗಳವಾರ ರಾತ್ರಿ 9:31

ಮಾರ್ಫಿನ್ ಜೊತೆ ಮಲಬದ್ಧತೆಗೆ ಮದ್ದು ಬರೆಯದ ಡಾಕ್ಟರ್‌ನ ಕೈಯಲ್ಲೇ ಎನಿಮಾ ಕೊಡಿಸಬೇಕು. ನನ್ನ ಬಹಳ ದಿನದ ಆಸೆ.

ಸುಮ್ನೆ_ಓದುಗ · ಮಂಗಳವಾರ ರಾತ್ರಿ 9:40

ಪಚ್ಚಬಾಳೆ ಹಣ್ಣು, ಬಿಸಿನೀರು ಸಾಕಲ್ವಾ?

ನೈಟ್_ಸಿಸ್ಟರ್ · ಮಂಗಳವಾರ ರಾತ್ರಿ 9:42

ನಿಮಗೆ ಸಾಕು. ಮಾರ್ಫಿನ್ ತಗೊಳ್ಳೋರಿಗೆ ಸಾಲಲ್ಲ. ಮೊದಲ ದಿನದಿಂದಲೇ ಮದ್ದು ಬೇಕು.

ಕಾಸರಗೋಡಿನವ · ಬುಧವಾರ ಬೆಳಿಗ್ಗೆ 8:15

ಕೇರಳದ ಕನ್ನಡಿಗ ನಾನು, ವಾರಕ್ಕೊಮ್ಮೆ ಸ್ವಯಂಸೇವಕನಾಗಿ ಪ್ಯಾಲಿಯೇಟಿವ್ ಜೀಪ್ ಹತ್ತುತ್ತೇನೆ. ನಿಮ್ಮ ಚರ್ಚೆಯೆಲ್ಲ ಆಸ್ಪತ್ರೆ ಗೇಟಿನ ಒಳಗೇ ಸುತ್ತುತ್ತಿದೆ. ರೋಗಿ ಮನೆಗೆ ಹೋದ ಮೇಲೆ ಯಾರು ನೋಡುತ್ತಾರೆ? 1993ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಗೆಳೆಯರು ಶುರು ಮಾಡಿದ್ದೂ ಸಣ್ಣ ಕ್ಲಿನಿಕ್. ಅವರೂ ಅರಿವಳಿಕೆ ಡಾಕ್ಟರೇ, ಅಕ್ಕ ಗಮನಿಸಿ. ಆದರೆ ರೋಗಿಗಳು ಬರಲಾಗದಷ್ಟು ಸೋತಿರುತ್ತಾರೆ ಅಂತ ಗೊತ್ತಾಗಿ ಕೆಲಸ ಮನೆಗಳ ಕಡೆ ತಿರುಗಿತು. 2008ರಲ್ಲಿ ಕೇರಳ ಸರ್ಕಾರ ನೀತಿ ತಂದಿತು. ಈಗ ಪಂಚಾಯಿತಿಯಿಂದಲೇ ನರ್ಸ್ ಮನೆಗೆ ಬರುತ್ತಾರೆ.

ನಾವು ಹೋಗುವ ಮನೆಗಳಲ್ಲಿ ಕ್ಯಾನ್ಸರ್ ಮಾತ್ರ ಇಲ್ಲ. ಲಕ್ವ ಹೊಡೆದವರು, ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದವರು, ಎಂಡೋಸಲ್ಫಾನ್ ಕೀಟನಾಶಕದಿಂದ ಹಾಸಿಗೆ ಹಿಡಿದ ಮಕ್ಕಳು. ಒಂದು ಮನೆಯ ತಾಯಿ ನಮ್ಮ ಜೀಪ್ ಸದ್ದು ಕೇಳಿದ ಕೂಡಲೇ ಸ್ನಾನಕ್ಕೆ ಹೋಗುತ್ತಾರೆ. ವಾರದಲ್ಲಿ ಅವರು ನೆಮ್ಮದಿಯಾಗಿ ತಲೆಗೆ ನೀರು ಹಾಕಿಕೊಳ್ಳುವುದು ಆ ಅರ್ಧ ಗಂಟೆ ಮಾತ್ರ. ನಾವು ಮಗುವಿನ ಹತ್ತಿರ ಕೂತಿರುತ್ತೇವೆ. ಅದಕ್ಕೆ ಡಾಕ್ಟರ್ ಬೇಕಾಗಿಲ್ಲ.

ಅರಿವಳಿಕೆ_ಅಕ್ಕ · ಬುಧವಾರ ಬೆಳಿಗ್ಗೆ 8:50

ಮನೆಗೆ ಹೋಗಲು ನನಗೆ ಗಾಡಿಯೂ ಇಲ್ಲ, ಜನವೂ ಇಲ್ಲ. ಸದ್ಯ ಒಂದು ಮೊಬೈಲ್ ನಂಬರ್ ಕೊಟ್ಟು, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಸಿಸ್ಟರ್ ಎತ್ತುವ ಹಾಗೆ ಮಾಡಬಹುದು.

ಕಾಸರಗೋಡಿನವ · ಬುಧವಾರ ಬೆಳಿಗ್ಗೆ 9:04

ನೋವು ಐದು ಗಂಟೆಗೆ ಆಫೀಸ್ ಮುಚ್ಚಲ್ಲ ಅಕ್ಕ.

ನೈಟ್_ಸಿಸ್ಟರ್ · ಬುಧವಾರ ಬೆಳಿಗ್ಗೆ 9:15

ಅಣ್ಣ, ಹೇಳೋದು ಸುಲಭ. ಒಬ್ಬಳೇ ಸಿಸ್ಟರ್ ರಾತ್ರಿಯೂ ಫೋನ್ ಎತ್ತಿದರೆ ಮೂರು ತಿಂಗಳಲ್ಲಿ ರಾಜೀನಾಮೆ ಕೊಡುತ್ತಾಳೆ. ನಾನು ಕೊಟ್ಟಿದ್ದೆ. ರಾತ್ರಿಗೆ ಕ್ಯಾಶುವಾಲ್ಟಿಯ ಡ್ಯೂಟಿ ಡಾಕ್ಟರ್‌ಗೆ ಒಂದು ಪುಟದ ಸೂಚನೆ ಬರೆದಿಡಿ: ಈ ರೋಗಿ ಬಂದರೆ ಇದು ಕೊಡಿ, ಸುಮ್ನೆ ಐಸಿಯುಗೆ ತಳ್ಳಬೇಡಿ. ರೋಗಿಯ ಕೈಯಲ್ಲೂ ಅದರ ಒಂದು ಕಾಪಿ ಇರಲಿ.

ದಾವಣಗೆರೆ_ಮಗಳು · ಬುಧವಾರ ಮಧ್ಯಾಹ್ನ 1:25

ನಾನು ಡಾಕ್ಟರ್ ಅಲ್ಲ. ಎರಡು ವರ್ಷದ ಹಿಂದೆ ಅಪ್ಪನಿಗೆ ಲಿವರ್ ಕ್ಯಾನ್ಸರ್. ಕೊನೇ ಒಂಬತ್ತು ದಿನ ಐಸಿಯುನಲ್ಲಿದ್ದರು. ದಿನಕ್ಕೆ ಎರಡು ಸಲ, ಹದಿನೈದು ನಿಮಿಷ, ಚಪ್ಪಲಿ ಬಿಚ್ಚಿಟ್ಟು ಒಬ್ಬರೇ ಒಳಗೆ ಹೋಗಬೇಕು. ಬಾಯಲ್ಲಿ ಟ್ಯೂಬ್, ಕೈ ಮಂಚಕ್ಕೆ ಕಟ್ಟಿದ್ದರು. ಅಮ್ಮ ಬಾಟಲಿಯಲ್ಲಿ ತುಳಸಿ ನೀರು ಇಟ್ಟುಕೊಂಡು ಹೊರಗೆ ಕೂತಿದ್ದಳು. ಬಾಯಿಗೆ ನೀರು ಬಿಡಲಿಕ್ಕೂ ಆಗಲಿಲ್ಲ. "ಮನೆಗೆ ಕರ್ಕೊಂಡು ಹೋಗ್ತೀವಿ" ಅಂದಾಗ, ವೈದ್ಯರ ಸಲಹೆಗೆ ವಿರುದ್ಧವಾಗಿ ಒಯ್ಯುತ್ತಿದ್ದೇವೆ ಅಂತ ಸಹಿ ಹಾಕಿಸಿಕೊಂಡರು. ಅಪ್ಪನನ್ನು ನಾವೇ ಕೊಂದ ಹಾಗೆ ಅನ್ನಿಸಿತು. ಮನೆ ತಲುಪಿ ನಲವತ್ತು ನಿಮಿಷಕ್ಕೆ ಹೋದರು. ಆ ನಲವತ್ತು ನಿಮಿಷಕ್ಕೆ ಒಂದು ಮದ್ದೂ ಕೊಟ್ಟಿರಲಿಲ್ಲ. ಒಬ್ಬರಾದರೂ ನಮ್ಮನ್ನು ಕೂರಿಸಿಕೊಂಡು ಮಾತಾಡಿರಲಿಲ್ಲ.

ನಿಮ್ಮ ತಂಡ ಇನ್ನೇನು ಮಾಡದಿದ್ದರೂ ಪರವಾಗಿಲ್ಲ ಮೇಡಂ. ಆ ಸಹಿ ಹಾಕಿಸುವ ಕಾಗದದ ಬದಲು ಬೇರೆ ಏನಾದರೂ ಮಾಡಿ.

ಅರಿವಳಿಕೆ_ಅಕ್ಕ · ಬುಧವಾರ ಮಧ್ಯಾಹ್ನ 1:50

ಇದನ್ನು ಪ್ರಿಂಟ್ ತೆಗೆದು ನಮ್ಮ ಐಸಿಯು ಡಾಕ್ಟರ್ ಮೇಜಿನ ಮೇಲೆ ಇಡುತ್ತೇನೆ. ಊರು ಗೀರು ಅಳಿಸಿ. ನೀವು ಒಪ್ಪಿದರೆ ಮಾತ್ರ.

ದಾವಣಗೆರೆ_ಮಗಳು · ಬುಧವಾರ ಮಧ್ಯಾಹ್ನ 1:53

ಇಡಿ.

ಧಾರವಾಡದ_ವಕೀಲ · ಬುಧವಾರ ಸಂಜೆ 6:30

ಆ ಕಾಗದದ ಬದಲು ಏನು ಅಂತ ಕಾನೂನು ಹೇಳಿದೆ ತಂಗಿ. ಆಸ್ಪತ್ರೆಗಳು ಓದಿಲ್ಲ, ಅಷ್ಟೇ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವುದೂ ಬದುಕಿನ ಹಕ್ಕಿನ ಭಾಗ ಅಂದಿತು. ಆಗ ಇಟ್ಟ ಷರತ್ತುಗಳು ಎಷ್ಟಿದ್ದವು ಅಂದರೆ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಮುಂಗಡ ಇಚ್ಛಾಪತ್ರಕ್ಕೆ (ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರ) ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಸಡಿಲ ಮಾಡಿದರು. ಈಗ ಇಬ್ಬರು ಸಾಕ್ಷಿಗಳ ಮುಂದೆ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಎದುರು ಸಹಿ ಮಾಡಿದರೆ ಆಯಿತು. ವೆಂಟಿಲೇಟರ್ ತೆಗೆಯುವ ನಿರ್ಧಾರಕ್ಕೆ ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. ಮೊದಲನೆಯದರಲ್ಲಿ ನೋಡುತ್ತಿರುವ ಡಾಕ್ಟರ್ ಮತ್ತು ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು. ಎರಡನೆಯದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ಒಬ್ಬರು ಇರಬೇಕು. ಪ್ರತಿ ಮಂಡಳಿ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದಕ್ಕೆ ಸುತ್ತೋಲೆ ಹೊರಡಿಸಿದೆ. ಡಾಕ್ಟ್ರೇ, ಮೊದಲ ವಾರವೇ ಅದನ್ನು ತರಿಸಿಕೊಳ್ಳಿ.

ಹಾಸನದ_ಹುಡುಗ · ಬುಧವಾರ ಸಂಜೆ 7:00

ಅಂದ್ರೆ ದಯಾಮರಣ. ನೇರವಾಗಿ ಹೇಳಿ.

ಧಾರವಾಡದ_ವಕೀಲ · ಬುಧವಾರ ಸಂಜೆ 7:12

ಇಂಜೆಕ್ಷನ್ ಕೊಟ್ಟು ಸಾಯಿಸುವುದು ಈ ದೇಶದಲ್ಲಿ ಇವತ್ತಿಗೂ ಅಪರಾಧ. ನಾನು ಹೇಳಿದ್ದು ಇನ್ನು ಉಪಯೋಗವಿಲ್ಲದ ಯಂತ್ರವನ್ನು ನಿಲ್ಲಿಸುವುದರ ಬಗ್ಗೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಮ್ಯಾಂಚೆಸ್ಟರ್_ಮಳೆ · ಬುಧವಾರ ರಾತ್ರಿ 8:30

ಮತ್ತೆ ದಯವಿಟ್ಟು ಪ್ಯಾಲಿಯೇಟಿವ್ ತಂಡವನ್ನು ಬರೀ ಇದಕ್ಕೇ ಕರೆಯಬೇಡಿ. ಹಾಗೆ ಮಾಡಿದರೆ ವಾರ್ಡಿನಲ್ಲಿ ನಮ್ಮನ್ನು ನೋಡಿದ ಕೂಡಲೇ "ಯಮದೂತರು ಬಂದ್ರು" ಅಂತ ಮುಖ ತಿರುಗಿಸುತ್ತಾರೆ.

ಹೊಸ_ಪೀಜಿ · ಬುಧವಾರ ರಾತ್ರಿ 10:15

ಬೇಗ ಕರೆದರೆ ಏನಾಗುತ್ತೆ ಅನ್ನೋದಕ್ಕೆ ಪುರಾವೆ ಇದೆ. 2010ರ ಬಾಸ್ಟನ್ ಅಧ್ಯಯನ. ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ಜನ. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ, ಇನ್ನರ್ಧಕ್ಕೆ ಅದರ ಜೊತೆ ಮೊದಲಿನಿಂದಲೇ ಪ್ಯಾಲಿಯೇಟಿವ್ ತಂಡ. ಎರಡನೇ ಗುಂಪಿನವರ ಬದುಕು ಹಗುರವಾಗಿತ್ತು, ಖಿನ್ನತೆ ಕಡಿಮೆ. ಮೇಲಾಗಿ ಜಾಸ್ತಿ ದಿನ ಬದುಕಿದರು: ಮಧ್ಯಮ ಲೆಕ್ಕದಲ್ಲಿ 11.6 ತಿಂಗಳು, ಇನ್ನೊಂದು ಗುಂಪು 8.9.

ಕರಾವಳಿ_ಸರ್ಜನ್ · ಬುಧವಾರ ರಾತ್ರಿ 10:40

ತಮ್ಮ, ಆಮೇಲೆ ಬಂದ ಬೇರೆ ಅಧ್ಯಯನಗಳಲ್ಲಿ ಆಯಸ್ಸು ಹೆಚ್ಚಿದ್ದು ಎಲ್ಲ ಕಡೆ ಕಾಣಲಿಲ್ಲ. ಬದುಕಿನ ಗುಣಮಟ್ಟದ ಮಾತು ಒಪ್ಪುತ್ತೇನೆ. ಮನೆಯವರಿಗೆ "ಇದರಿಂದ ಜಾಸ್ತಿ ದಿನ ಬದುಕ್ತಾರೆ" ಅಂತ ಮಾರಬೇಡಿ. ಆಮೇಲೆ ಹೊಡೆತ ತಿನ್ನುವವನು ನಾನು.

ಹೊಸ_ಪೀಜಿ · ಬುಧವಾರ ರಾತ್ರಿ 10:44

ಸರಿ ಸರ್. ಒಪ್ಪಿದೆ.

ಬಿಲ್_ಕೌಂಟರ್ · ಗುರುವಾರ ಬೆಳಿಗ್ಗೆ 11:00

ಹದಿನಾರು ವರ್ಷ ಆಸ್ಪತ್ರೆ ಆಡಳಿತದಲ್ಲಿದ್ದೇನೆ. ದುಡ್ಡಿನ ಮಾತು ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಈ ತಂಡ ಲಾಭ ತರುವುದಿಲ್ಲ. ಒಂದು ಗಂಟೆ ಕೂತು ಮಾತಾಡಿದ್ದಕ್ಕೆ ಒಂದು ಕನ್ಸಲ್ಟೇಶನ್ ಫೀಸ್, ಅಷ್ಟೇ. ಸಿಸ್ಟರ್, ಸೋಶಿಯಲ್ ವರ್ಕರ್ ಮಾತಾಡಿದರೆ ಅದೂ ಇಲ್ಲ. ಮ್ಯಾನೇಜ್‌ಮೆಂಟ್‌ಗೆ ಮೇಡಂ ಹೇಳಬೇಕಾದ್ದು: ಗುಣವಾಗದ ರೋಗಿಯ ಮನೆಯವರ ಜೊತೆ ಸರಿಯಾಗಿ ಮಾತಾಡಿದರೆ ಐಸಿಯು ಹಾಸಿಗೆ ಬೇಗ ಖಾಲಿಯಾಗುತ್ತದೆ, ಬಿಲ್ ಬಾಕಿ ಜಗಳ ಕಡಿಮೆಯಾಗುತ್ತದೆ.

ದಾವಣಗೆರೆ_ಮಗಳು · ಗುರುವಾರ ಬೆಳಿಗ್ಗೆ 11:20

ಹಾಸಿಗೆ ಖಾಲಿ ಮಾಡಿಸೋಕೆ ಬಂದ ತಂಡ ಅಂತ ಗೊತ್ತಾದರೆ ನಾನು ಅವರನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಬಿಲ್_ಕೌಂಟರ್ · ಗುರುವಾರ ಬೆಳಿಗ್ಗೆ 11:31

ಇದು ಬೋರ್ಡ್ ರೂಮಿನ ಮಾತು ಮೇಡಂ. ರೋಗಿಯ ಮುಂದೆ ಹೇಳುವುದಲ್ಲ.

ಅರಿವಳಿಕೆ_ಅಕ್ಕ · ಗುರುವಾರ ಮಧ್ಯಾಹ್ನ 12:10

ಬೋರ್ಡ್ ರೂಮಿನಲ್ಲಿ ಹೇಳಿದ್ದು ವಾರ್ಡಿಗೆ ಬಂದೇ ಬರುತ್ತದೆ ಸರ್. "ಈ ತಿಂಗಳು ಎಷ್ಟು ಐಸಿಯು ಬೆಡ್ ಉಳಿಸಿದಿರಿ" ಅಂತ ಒಮ್ಮೆ ಲೆಕ್ಕ ಕೇಳಲು ಶುರು ಮಾಡಿದರೆ ಮುಗಿಯಿತು. ನಾನು ಆ ಅಂಕಿ ಕೊಡುವುದಿಲ್ಲ. ನೋವಿನ ಅಂಕ ಎಷ್ಟಿತ್ತು, 48 ಗಂಟೆಯಲ್ಲಿ ಎಷ್ಟಕ್ಕೆ ಇಳಿಯಿತು, ರೆಫರೆನ್ಸ್ ಬಂದ ಎಷ್ಟು ಹೊತ್ತಿಗೆ ನೋಡಿದೆವು, ಈ ಮೂರು ಮಾತ್ರ ಬರೆದಿಡುತ್ತೇನೆ. ಮೊದಲ ವರ್ಷ ರೋಗಿಗೆ ಬಿಲ್ ಬೇಡ ಅಂತ ಕೇಳಿಕೊಳ್ಳುತ್ತೇನೆ.

ಸುಮ್ನೆ_ಓದುಗ · ಗುರುವಾರ ಮಧ್ಯಾಹ್ನ 12:15

ಬೆಂಗಳೂರಿನ ಕರುಣಾಶ್ರಯ ಪೂರ್ತಿ ಉಚಿತ ಅಲ್ವಾ? ನಮ್ಮ ಮಾವ ಕೊನೇ ದಿನಗಳಲ್ಲಿ ಅಲ್ಲಿದ್ದರು. ನೀರಿನ ಕೊಳದ ಪಕ್ಕ ವಾರ್ಡು.

ಬಿಲ್_ಕೌಂಟರ್ · ಗುರುವಾರ ಮಧ್ಯಾಹ್ನ 12:25

ಉಚಿತವೇ. 1994ರಲ್ಲಿ ಟ್ರಸ್ಟ್ ಆಗಿ ಶುರುವಾಯಿತು, 1999ರಲ್ಲಿ ಹಾಸ್ಪಿಸ್ ತೆರೆಯಿತು. ದಾನದ ಮೇಲೆ ನಡೆಯುವ ಸಂಸ್ಥೆ. ಖಾಸಗಿ ಆಸ್ಪತ್ರೆಯ ಲೆಕ್ಕವೇ ಬೇರೆ. ಆದರೆ ತರಬೇತಿಗೆ ಸಿಸ್ಟರ್‌ನ ಅಂಥ ಕಡೆ ಕಳಿಸಿ ಮೇಡಂ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲೂ ಇದಕ್ಕೆ ಬೇರೆಯೇ ವಿಭಾಗ ಇದೆ.

ಸುಮ್ನೆ_ಓದುಗ · ಗುರುವಾರ ಮಧ್ಯಾಹ್ನ 12:40

ಹೆಸರಿನ ವಿಷಯ ಮರೆತೇ ಹೋಯ್ತು. "ಉಪಶಾಮಕ ಆರೈಕೆ ಘಟಕ"?

ನೈಟ್_ಸಿಸ್ಟರ್ · ಗುರುವಾರ ಮಧ್ಯಾಹ್ನ 1:05

ನಮ್ಮಲ್ಲಿ ಹಾಗೇ ಬರೆದಿದ್ದಾರೆ. ಒಬ್ಬಜ್ಜಿ ಓದಿ "ಉಪವಾಸ ಇರ್ಬೇಕಾ ಮಗಾ?" ಅಂತ ಕೇಳಿದರು.

ಕಾಸರಗೋಡಿನವ · ಗುರುವಾರ ಮಧ್ಯಾಹ್ನ 1:20

ನಮ್ಮ ಕಡೆ ಅಜ್ಜ ಅಜ್ಜಿಯರೂ "ಪಾಲಿಯೇಟಿವ್‌ನವರು ಬಂದ್ರು" ಅಂತಲೇ ಹೇಳುತ್ತಾರೆ. ಕೆಲಸ ಚೆನ್ನಾಗಿದ್ದರೆ ಹೆಸರು ತಾನಾಗಿ ನಾಲಿಗೆಗೆ ಕೂರುತ್ತೆ.

ಧಾರವಾಡದ_ವಕೀಲ · ಗುರುವಾರ ಮಧ್ಯಾಹ್ನ 1:34

"ನೋವು ನಿವಾರಣಾ ವಿಭಾಗ" ಅಂತ ಬರೀರಿ. ಎಲ್ಲಾರಿಗೂ ತಿಳಿತದ.

ನೈಟ್_ಸಿಸ್ಟರ್ · ಗುರುವಾರ ಸಂಜೆ 4:50

ಹೆಸರಿಗಿಂತ ದೊಡ್ಡ ಕಷ್ಟ ಒಂದಿದೆ, ಅಕ್ಕ ಈಗಲೇ ತಯಾರಾಗಿ. ಹತ್ತರಲ್ಲಿ ಎಂಟು ಮನೆಯವರು ಬಾಗಿಲಲ್ಲೇ ತಡೆದು "ಅಪ್ಪನಿಗೆ ಗೊತ್ತಿಲ್ಲ, ಹೇಳಬೇಡಿ" ಅನ್ನುತ್ತಾರೆ. ಜಗಳಕ್ಕೆ ಹೋಗಬೇಡಿ. ಅವರು ಪ್ರೀತಿಯಿಂದಲೇ ಹೇಳುತ್ತಿರುತ್ತಾರೆ. "ನಾನಾಗಿ ಹೇಳಲ್ಲ, ಅವರು ಕೇಳಿದರೆ ಸುಳ್ಳೂ ಹೇಳಲ್ಲ" ಅಂತ ನಾನು ಮೊದಲೇ ಹೇಳಿಬಿಡುತ್ತೇನೆ.

ತೀರ್ಥಹಳ್ಳಿ ಕಡೆಯ ಅಜ್ಜ ಒಬ್ಬರು. ಮಕ್ಕಳಿಬ್ಬರೂ ಗ್ಯಾಸ್ಟ್ರಿಕ್ ಅಂತ ಹೇಳಿಟ್ಟಿದ್ದರು. ಮಗ ಕಾಫಿ ತರಲು ಹೋದಾಗ ಅಜ್ಜ ಮೆಲ್ಲಗೆ ಕೇಳಿದರು, "ಸಿಸ್ಟರ್, ಈ ಸಲದ ಅಡಿಕೆ ಕೊನೆಕೊಯ್ಲಿಗೆ ನಾನು ಇರ್ತೀನಾ?" ಆಗ ಜೂನ್. ಕೊಯ್ಲಿಗೆ ಇನ್ನೂ ಐದು ತಿಂಗಳು. ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಪಕ್ಕದಲ್ಲಿ ಕೂತು "ಯಾಕಜ್ಜ, ಏನು ಬಾಕಿ ಇದೆ?" ಅಂದೆ. ಎರಡೂ ಮಕ್ಕಳಿಗೆ ತೋಟ ಪಾಲಾಗಿಲ್ಲ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ಹೋದ ವರ್ಷದ ನಾಲ್ಕು ಸಾವಿರ ಕೊಡೋದಿದೆ, ಅದು ಮಕ್ಕಳಿಗೆ ಗೊತ್ತೇ ಇಲ್ಲ. ಹತ್ತು ನಿಮಿಷ ಹೇಳಿದರು. ಮಗ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ನಾನು ಎದ್ದೆ. ಅವನು ಬಂದು ನಾನಿದ್ದ ಜಾಗದಲ್ಲಿ ಕೂತ.

ಕರಾವಳಿ_ಸರ್ಜನ್ · ಗುರುವಾರ ಸಂಜೆ 5:30

ಕೊನೆಗೌಡನಿಗೆ ದುಡ್ಡು ಸಿಕ್ತಾ?

ನೈಟ್_ಸಿಸ್ಟರ್ · ಗುರುವಾರ ಸಂಜೆ 5:33

ಸಿಕ್ಕಿತು ಸರ್. ಅವನೇ ಆಸ್ಪತ್ರೆಗೆ ಬಂದು ಅಜ್ಜನ್ನ ನೋಡಿಕೊಂಡು ಹೋದ.

ಅರಿವಳಿಕೆ_ಅಕ್ಕ · ಐದು ವಾರದ ನಂತರ, ಶನಿವಾರ ರಾತ್ರಿ 9:10

ಕೇಳಿದವರಿಗೆಲ್ಲ ವರದಿ. ಎಕ್ಸ್‌ರೇ ಕವರ್‌ಗಳು ಹೋದವು. ಬೀರು ಬಂತು. ಔಷಧ ನಿಯಂತ್ರಕರಿಗೆ ಅರ್ಜಿ ಹೋಗಿದೆ, ಉತ್ತರಕ್ಕೆ ಕಾಯುತ್ತಿದ್ದೇನೆ. ಸಿಸ್ಟರ್‌ನ ಬೇರೆ ವಾರ್ಡಿಗೆ ಹಾಕಬಾರದು ಅಂತ ಬರಹದಲ್ಲಿ ಸಿಕ್ಕಿದೆ. ಐಸಿಯು ಡಾಕ್ಟರ್ ಆ ಪ್ರಿಂಟ್ ಓದಿ ಏನೂ ಮಾತಾಡಲಿಲ್ಲ. ಮುಂದಿನ ವಾರದಿಂದ ಗುಣವಾಗದವರ ಮನೆಯವರಿಗೆ ಭೇಟಿಯ ಹೊತ್ತಿನ ಮಿತಿ ತೆಗೆದಿದ್ದಾರೆ.

ಮೊದಲ ಚೀಟಿ ಕ್ಯಾನ್ಸರ್ ವಿಭಾಗದಿಂದ ಬರುತ್ತೆ ಅಂದುಕೊಂಡಿದ್ದೆ. ಬಂದದ್ದು ಮೂಳೆ ವಿಭಾಗದಿಂದ. 84 ವರ್ಷದ ಅಜ್ಜಿ, ಸೊಂಟ ಮುರಿದಿದೆ, ಹೃದಯ ಸೋತಿದೆ, ಆಪರೇಷನ್ ತಡೆಯುವುದಿಲ್ಲ. ಮಗ್ಗುಲು ಬದಲಿಸುವಾಗ ಕಿರುಚುತ್ತಿದ್ದರು. ಫೋನ್ ಮಾಡಿ ಕೇಳಿದೆ, ಗೆರೆ ಎಳೆದುಕೊಂಡೆ, ನರಕ್ಕೆ ಒಂದು ಬ್ಲಾಕ್ (ಆ ಜಾಗದ ನೋವು ತಡೆಯುವ ಇಂಜೆಕ್ಷನ್) ಕೊಟ್ಟೆ. ಹನ್ನೊಂದು ವರ್ಷದ ಕೈ, ಅದೊಂದು ನನಗೆ ಚೆನ್ನಾಗಿ ಬರುತ್ತದೆ. ಮರುದಿನ ಅಜ್ಜಿ ರಾಗಿ ಗಂಜಿ ಕುಡಿದರು. ಮೂರನೇ ದಿನ ಮನೆಗೆ ಹೋದರು, ಕೈಯಲ್ಲಿ ಒಂದು ಪುಟದ ಸೂಚನೆ ಇತ್ತು. ವಿರುದ್ಧವಾಗಿ ಒಯ್ಯುತ್ತಿದ್ದೇವೆ ಅನ್ನುವ ಸಹಿ ಯಾರೂ ಕೇಳಲಿಲ್ಲ.

ಒಂದೇ ಎಡವಟ್ಟು. ವಕೀಲರ ಮಾತು ಕೇಳಿ "ನೋವು ನಿವಾರಣಾ ವಿಭಾಗ" ಅಂತ ಬೋರ್ಡ್ ಹಾಕಿಸಿದೆ. ಸೋಮವಾರದಿಂದ ಮೆಟ್ಟಿಲ ತನಕ ಕ್ಯೂ, ಎಲ್ಲರಿಗೂ ಮಂಡಿ ನೋವು. ಸಿಸ್ಟರ್ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಧಾರವಾಡದ_ವಕೀಲ · ಶನಿವಾರ ರಾತ್ರಿ 9:18

ಸಲಹೆಗೆ ಫೀಸ್ ತಗೊಂಡಿಲ್ಲ, ಹೊಣೆಯೂ ನಂದಲ್ಲ.

ಸುಮ್ನೆ_ಓದುಗ · ಶನಿವಾರ ರಾತ್ರಿ 9:25

ನಮ್ಮ ಅಮ್ಮನಿಗೂ ಮಂಡಿ ನೋವು ಮೇಡಂ. ಎಷ್ಟು ಗಂಟೆಗೆ ಕರ್ಕೊಂಡು ಬರಲಿ?